ಕ್ಯಾರಿ ಹಾವು ಬಡಿಯೋ ಮುಂಚೆ ಒಂದ್ಸಲ ನೋಡ್ರಿ

ಹೋದ ವರ್ಷ ತೊಗರಿ ಕಟಾವಿನ ಹೊತ್ತು. ನಮ್ಮ ಲಿಂಬೆ ತೋಟದ ಒಡ್ಡಿನ ಮೇಲೆ ಆಳುಗಳು ಆರು ಅಡಿ ಹಾವೊಂದನ್ನು ಬಡಿದು ಹಾಕಿದ್ದರು. "ಅಣ್ಣಾರ, ನಾಗರ ಇತ್ರಿ, ತಲಿ ಎತ್ತಿ ಬಂತು" ಅಂದ್ರು. ಹೋಗಿ ನೋಡಿದರೆ ಕ್ಯಾರಿ, ಪುಸ್ತಕದಲ್ಲಿ ಕೇರೆ ಅಂತಾರಲ್ಲ ಅದು. ಮುಂದಿನ ಎರಡು ತಿಂಗಳಲ್ಲಿ ಅದೇ ಒಡ್ಡಿನ ಪಕ್ಕ ಇಲಿಗಳು ಡ್ರಿಪ್ ಪೈಪನ್ನು ಹನ್ನೊಂದು ಕಡೆ ಕಡಿದವು. ಒಂದು ಹಾವು ಸತ್ತದ್ದಕ್ಕೇ ಹೀಗಾಯ್ತು ಅಂತ ನಾ ಹೇಳಲ್ಲ. ಆದ್ರೆ ಜಾಯ್ನರ್ ಹಾಕ್ತಾ ಕೂತಾಗೆಲ್ಲ ಅದೇ ನೆನಪಾಗ್ತಿತ್ತು.

ಇಂಡಿ, ಸಿಂದಗಿ ಲಿಂಬೆ ತೋಟ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿ ಹೊಲ ಇರಲಿ, ಬೇಸಿಗೆಯಲ್ಲಿ ಎರೆ ಭೂಮಿ ಬಿರಿದರೆ ಆ ಬಿರುಕೇ ಇಲಿಗಳ ಮನೆ. ಒಳಗೆ ನುಗ್ಗಿ ಹಿಡಿಯೋದು ಬೆಕ್ಕಿಗೆ ಆಗಲ್ಲ, ಹಾವಿಗೆ ಆಗ್ತದೆ. ಕ್ಯಾರಿ ಹಗಲು ಓಡಾಡುವ ಹಾವು, ವಿಷ ಇಲ್ಲ. ಇಲಿ, ಕಪ್ಪೆ, ಹಕ್ಕಿ ತಿನ್ನುತ್ತದೆ. ಬಾಲದಲ್ಲಿ ವಿಷ, ಎಮ್ಮೆ ಹಾಲು ಕುಡಿಯುತ್ತೆ, ನಾಗರದ ಜೋಡಿ ಕೂಡುತ್ತೆ, ಇವೆಲ್ಲ ಸುಳ್ಳು. ಹೆಣೆದುಕೊಂಡು ಎದ್ದು ನಿಲ್ಲುವ ಎರಡು ಕ್ಯಾರಿ ಸಾಮಾನ್ಯವಾಗಿ ಗಂಡುಗಳು, ಅದು ಕುಸ್ತಿ.

ಗುರುತು ಹೇಗೆ? ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳು. ಮೂಲೆಗೆ ಸಿಕ್ಕರೆ ತಲೆ ಎತ್ತಿ ಗಂಟಲು ಉಬ್ಬಿಸಿ ಗುರ್ ಅನ್ನುತ್ತದೆ, ಆದರೆ ನಾಗರದಂತೆ ಹೆಡೆ ಅಗಲವಾಗಲ್ಲ. ಬ್ಯಾಂಡೆಡ್ ರೇಸರ್ ಅನ್ನೋ ಇನ್ನೊಂದು ವಿಷವಿಲ್ಲದ ಹಾವು ಕುತ್ತಿಗೆ ಚಪ್ಪಟೆ ಮಾಡಿ ನಿಜಕ್ಕೂ ಮೋಸ ಮಾಡುತ್ತದೆ. ಮರಿ ಇದ್ದಾಗ ಮೈತುಂಬ ಪಟ್ಟಿ, ದೊಡ್ಡದಾದಂತೆ ಮಾಸುತ್ತವೆ. ಇದೇ ಕುಟುಂಬದ್ದು ಅಮೆರಿಕ, ಮೆಕ್ಸಿಕೋದ ಒಣ ನೆಲದ ಪ್ಯಾಚ್-ನೋಸ್ಡ್ ಹಾವು. ಮೂತಿ ಮೇಲೆ ತೇಪೆ ಹಚ್ಚಿದಂಥ ದೊಡ್ಡ ಪೊರೆ, ಅದರಿಂದ ಮಣ್ಣು ಕೆದರಿ ಹಲ್ಲಿ ಜಾತಿಯ ಮೊಟ್ಟೆ ಹುಡುಕುತ್ತದೆ.

ಗುರುತು ಸಿಗಲಿಲ್ಲವಾ? ಹಿಂದೆ ಸರೀರಿ, ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ. ನಾಗರ, ಕೊಳಕುಮಂಡಲ, ಕಟ್ಟು ಹಾವು, ಮಡ್ಡಿ ಕಲ್ಲುಗಳಲ್ಲಿರುವ ಗರಗಸ ಮಂಡಲ ಇವು ಜೀವ ತೆಗೆಯುವಂಥವು. ಯಾವ ಹಾವು ಕಚ್ಚಿದರೂ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಕಚ್ಚಿದ ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕ್ಯಾರಿ ಕೊಲ್ಲೋದು ಅಪರಾಧ ಅನ್ನೋದೂ ಗೊತ್ತಿರಲಿ.

ಬ್ರೊಮಾಡಿಯೋಲೋನ್ ಕೇಕ್ ಇಟ್ಟರೆ ಇಲಿ ತಕ್ಷಣ ಸಾಯಲ್ಲ, ದಿನಗಟ್ಟಲೆ ಓಡಾಡುತ್ತದೆ. ಅದನ್ನು ತಿಂದ ಗೂಬೆ, ಹಾವಿಗೂ ವಿಷ ತಗಲುತ್ತದೆ. ದ್ರಾಕ್ಷಿಯವರು ಹಕ್ಕಿ ಬಲೆ ಸುತ್ತಿಟ್ಟುಬಿಡಿ, ನೆಲಕ್ಕೆ ಬಿದ್ದ ಬಲೆಯಲ್ಲಿ ಹಾವು ಸಿಕ್ಕಿ ಒದ್ದಾಡಿ ಸಾಯುತ್ತೆ. ತಿಪ್ಪೆಗೊಬ್ಬರ ತಿರುವುವಾಗ, ಹಳೆ ಕಣಕಿ ಬಣವಿ ತೆಗೆಯುವಾಗ ಬಿಳಿ ಮೊಟ್ಟೆ ಕಂಡರೆ ಯಾವ ಹಾವಿನವೋ ಅಂತ ಕೈ ಹಾಕಬೇಡಿ. ಆ ಮೂಲೆ ಹಾಗೇ ಮುಚ್ಚಿ, ಎರಡು ತಿಂಗಳು ಬಿಟ್ಟು ತೆಗೀರಿ.