ಊರಿನ ಚೀಟಿ, ಇಲ್ಲಿನ ಮಾತ್ರೆ

ಊರಿನಿಂದ ಬರುವಾಗ ಸಾರಿನ ಪುಡಿ, ಚಟ್ನಿಪುಡಿಯ ಜೊತೆ ಮಗುವಿನ ಫಿಟ್ಸ್ ಮಾತ್ರೆಗಳನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ನೆದರ್‌ಲ್ಯಾಂಡ್ಸಿಗೆ ಬರುವವರಿದ್ದಾರೆ. ಹೌಸ್‌ಆರ್ಟ್ಸ್ ನಿಮ್ಮನ್ನು ಮಕ್ಕಳ ನರವೈದ್ಯರ ಹತ್ತಿರ ಕಳಿಸುತ್ತಾರೆ. ಅವರು ಚೀಟಿ ನೋಡಿ, ಇದನ್ನು ನಿಧಾನವಾಗಿ ಇಳಿಸಿ ಬೇರೆ ಔಷಧ ಶುರು ಮಾಡೋಣ ಎನ್ನುತ್ತಾರೆ. ಹಾಗಾದರೆ ಊರಿನ ಡಾಕ್ಟರು ತಪ್ಪು ಮಾಡಿದ್ದರೇ ಎಂದು ನಿಮಗೆ ದಿಗಿಲಾಗುತ್ತದೆ.

ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ನಾನು ಸಂಶೋಧಕಿ, ವೈದ್ಯೆಯಲ್ಲ. ಆದರೆ ಈ ಬದಲಾವಣೆಗಳ ಹಿಂದಿನ ಲೆಕ್ಕಾಚಾರ ತಿಳಿದಿದ್ದರೆ ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಬಹುದು.

ಇಲ್ಲಿನ ನರವೈದ್ಯರ ಸಂಘ ಎಪಿಲೆಪ್ಸಿಗೆಂದೇ ಒಂದು ಮಾರ್ಗಸೂಚಿ ಹೊರತಂದಿದೆ. ಅದು ಡಚ್ ಭಾಷೆಯಲ್ಲಿದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಯಾವ ಬಗೆಯ ಫಿಟ್ಸ್‌ಗೆ ಯಾವ ಔಷಧ ಮೊದಲು, ಅದು ಹಿಡಿಸದಿದ್ದರೆ ಮುಂದೇನು ಎಂದು ಅದರಲ್ಲಿದೆ. ಆದರೆ ಅದು ಕಾನೂನಲ್ಲ. ತಕ್ಕ ಕಾರಣವಿದ್ದರೆ ವೈದ್ಯರು ಅದನ್ನು ಬಿಟ್ಟು ನಡೆಯಬಹುದು, ಕೆಲವೊಮ್ಮೆ ನಡೆಯಲೇಬೇಕಾಗುತ್ತದೆ.

ಒಂದು ಉದಾಹರಣೆ ನೋಡಿ. ಆಟದ ಮಧ್ಯೆ ಕೆಲವು ಸೆಕೆಂಡು ಶೂನ್ಯ ನೋಟದಲ್ಲಿ ನಿಂತುಬಿಡುವ ಮಕ್ಕಳಿರುತ್ತಾರೆ. ಇದಕ್ಕೆ ಆಬ್ಸೆನ್ಸ್ ಎಪಿಲೆಪ್ಸಿ ಎನ್ನುತ್ತಾರೆ. 2010ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಇಂಥ ಮಕ್ಕಳಲ್ಲಿ ಮೂರು ಔಷಧಗಳನ್ನು ಹೋಲಿಸಿತು. ಎಥೊಸಕ್ಸಿಮೈಡ್ ಮತ್ತು ವ್ಯಾಲ್‌ಪ್ರೊಯೇಟ್ ಎರಡೂ ಸರಿಸಮ ಕೆಲಸ ಮಾಡಿದವು, ಲ್ಯಾಮೋಟ್ರಿಜಿನ್ ಹಿಂದೆ ಬಿತ್ತು. ಆದರೆ ವ್ಯಾಲ್‌ಪ್ರೊಯೇಟ್ ತೆಗೆದುಕೊಂಡವರಲ್ಲಿ ಗಮನ ಚದುರುವ ತೊಂದರೆ ಹೆಚ್ಚಿತ್ತು. ಹಾಗಾಗಿ ಎಥೊಸಕ್ಸಿಮೈಡ್ ಮುಂದಿನ ಸಾಲಿಗೆ ಬಂತು. ಭಾರತದ ಮೆಡಿಕಲ್ ಸ್ಟೋರುಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಸಿಗದ ಔಷಧವನ್ನು ಬರೆದು ಊರಿನ ಡಾಕ್ಟರು ಏನು ಮಾಡಬೇಕಿತ್ತು?

ಹೆಣ್ಣುಮಕ್ಕಳ ವಿಷಯ ಬೇರೆ. ಇಲ್ಲಿ ವೈದ್ಯರು ಕಟ್ಟುನಿಟ್ಟಾಗಿರುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಗರ್ಭದಲ್ಲಿ ವ್ಯಾಲ್‌ಪ್ರೊಯೇಟ್‌ಗೆ ಒಡ್ಡಿಕೊಂಡ ಮಕ್ಕಳಲ್ಲಿ ಸುಮಾರು 100ಕ್ಕೆ 10 ಮಂದಿಗೆ ಹುಟ್ಟುದೋಷ, 30ರಿಂದ 40 ಮಂದಿಗೆ ಬೆಳವಣಿಗೆಯ ತೊಂದರೆ ಕಾಣಿಸಿಕೊಂಡಿದೆ. 2018ರಿಂದ ಯುರೋಪಿನಲ್ಲಿ ವಿಶೇಷ ಗರ್ಭತಡೆ ಕಾರ್ಯಕ್ರಮದ ಷರತ್ತುಗಳಿಗೆ ಒಪ್ಪದೆ, ಗರ್ಭ ಧರಿಸಬಲ್ಲವರಿಗೆ ಅದನ್ನು ಕೊಡುವಂತಿಲ್ಲ. ಎಂಟು ವರ್ಷದ ಮಗಳ ಮುಂದೆ ಡಾಕ್ಟರು ಈ ಮಾತು ತೆಗೆದಾಗ ನಮ್ಮ ಅಪ್ಪ ಅಮ್ಮಂದಿರಿಗೆ ಮುಜುಗರವಾಗುತ್ತದೆ. ಆದರೂ ಮಾತು ತಪ್ಪಿಸಬೇಡಿ. ಮತ್ತು ಇದನ್ನು ಓದಿ ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಮುಂದುವರಿದು ಜೀವಕ್ಕೇ ಅಪಾಯವಾಗಬಹುದು.

ಬರೇ ಜ್ವರದಲ್ಲಿ ಬರುವ ಫಿಟ್ಸ್‌ಗೆ ಊರಿನಲ್ಲಿ ಜ್ವರದ ದಿನಗಳಿಗೆಂದು ಕ್ಲೋಬಜಾಮ್ ಬರೆದುಕೊಡುವ ರೂಢಿಯಿದೆ. ಇಲ್ಲಿ ಹಾಗೆ ತಡೆ ಔಷಧ ಕೊಡುವುದು ವಿರಳ. ಅದು ನಿರ್ಲಕ್ಷ್ಯವಲ್ಲ. ಸಾಮಾನ್ಯ ಜ್ವರದ ಫಿಟ್ಸ್ ಮಗುವಿನ ಮಿದುಳಿಗೆ ಹಾನಿ ಮಾಡುವುದಿಲ್ಲ, ಮಾತ್ರೆಯ ಮಂಪರೇ ಅದಕ್ಕಿಂತ ಹೆಚ್ಚಿನ ತೊಂದರೆ ಎನ್ನುವ ಲೆಕ್ಕ ಇವರದು.

ಮಾರ್ಗಸೂಚಿಗೆ ಸಿಗದ ಕಾಯಿಲೆಯೂ ನಮ್ಮವರಲ್ಲಿದೆ. ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ಅದು. ಜಗತ್ತಿನಲ್ಲಿ ಅಪರೂಪವಾದರೂ ಹಳೇ ಮೈಸೂರಿನ ಕಡೆ ಅಷ್ಟೇನೂ ಅಪರೂಪವಲ್ಲ. 1960ರ ದಶಕದಲ್ಲೇ ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದ್ದರು. ಮುಂದೆ ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಫೀನೋಬಾರ್ಬಿಟಾಲ್, ಫೆನಿಟಾಯಿನ್‌ಗಳಿಂದಲೇ ಎಷ್ಟೋ ಜನರ ಫಿಟ್ಸ್ ಹತೋಟಿಗೆ ತಂದವರೂ ಇದೇ ಮಣಿಯವರ ತಂಡ. ಅದರ ವರದಿ 2001ರ ಲ್ಯಾನ್ಸೆಟ್‌ನಲ್ಲಿದೆ. ಬಿಸಿನೀರಿನ ಫಿಟ್ಸ್‌ಗೆ ನೀರಿನ ಬಿಸಿ ಇಳಿಸುವುದು ಮೊದಲ ಹೆಜ್ಜೆ. ಅಷ್ಟು ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್ ವೈದ್ಯರು ಬೆಳೆಸಿದರು. ಡಚ್ ವೈದ್ಯರು ಇಂಥ ರೋಗಿಯನ್ನು ಕಂಡೇ ಇರಲಿಕ್ಕಿಲ್ಲ. ಫಿಟ್ಸ್ ಬಂದದ್ದು ಸ್ನಾನದಲ್ಲಿ, ನೀರು ಬಿಸಿಯಿತ್ತು ಎನ್ನುವುದನ್ನು ನೀವಾಗಿಯೇ ಹೇಳಬೇಕು.

ಹೋಗುವಾಗ ಬ್ರ್ಯಾಂಡ್ ಹೆಸರಿನ ಬದಲು ಒಳಗಿನ ಔಷಧದ ಹೆಸರು, ಮಿಲಿಗ್ರಾಂ, ಹೊತ್ತು ಬರೆದುಕೊಂಡು ಹೋಗಿ. ಎಪ್ಟಾಯಿನ್ ಎಂದರೆ ಇಲ್ಲಿ ಯಾರಿಗೂ ತಿಳಿಯದು, ಫೆನಿಟಾಯಿನ್ ಎಂದರೆ ತಿಳಿಯುತ್ತದೆ. "ಈ ಔಷಧವೇ ಏಕೆ, ಮಾರ್ಗಸೂಚಿಯಲ್ಲಿ ಇದು ಮೊದಲನೆಯದೇ, ಅಲ್ಲದಿದ್ದರೆ ನಮ್ಮ ಮಗುವಿಗೆ ಏಕೆ ಬೇರೆ?" ಎಂದು ಕೇಳಿ. ಈ ದೇಶದಲ್ಲಿ ಹಾಗೆ ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ವಿಮಾ ಕಂಪನಿಯ ಆಯ್ಕೆ ಬದಲಾದಂತೆ ಅಪೊಟೇಕ್‌ನಲ್ಲಿ ಮಾತ್ರೆಯ ಡಬ್ಬಿಯೂ ಬದಲಾಗುತ್ತದೆ. ಮಗುವಿಗೆ ಒಂದೇ ಕಂಪನಿಯದು ಬೇಕೆಂದು ವೈದ್ಯರಿಗೆ ಅನ್ನಿಸಿದರೆ ಅವರು ಚೀಟಿಯ ಮೇಲೆ "ಮೆಡಿಶ ನೋಡ್‌ಜಾಕ್" ಎಂದು ಬರೆಯಬಹುದು.

ಬೇಸಿಗೆ ರಜೆಗೆ ಊರಿಗೆ ಹೊರಡುವವರಿಗೆ ಇನ್ನೊಂದು ಕೆಲಸವಿದೆ. ಕ್ಲೋಬಜಾಮ್, ಫೀನೋಬಾರ್ಬಿಟಾಲ್, ಮೂಗಿಗೆ ಬಿಡುವ ಮಿಡಜೋಲಮ್ ಇಲ್ಲಿನ ಅಫೀಮು ಕಾಯ್ದೆಯಡಿ ಬರುತ್ತವೆ, ಪ್ರಯಾಣಕ್ಕೆ ವೈದ್ಯರ ಹೇಳಿಕೆಯ ಪತ್ರ ಬೇಕು. ಅದರ ವಿವರ ಸಿಎಕೆ ಸಂಸ್ಥೆಯಲ್ಲಿ ಸಿಗುತ್ತದೆ. ಟಿಕೆಟ್ ಕಾಯ್ದಿರಿಸಿದ ವಾರವೇ ಅರ್ಜಿ ಹಾಕಿ.