ಪ್ರಾಥಮಿಕ ಶಾಲೆಯ ವರ್ತಮಾನವೂ ಮಕ್ಕಳ ಕ್ಷೇಮವೂ: ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನು ಕುರಿತ ಒಂದು ವಿವೇಚನೆ

ತುಮಕೂರು ಜಿಲ್ಲೆಯು ಕಂದಾಯದ ಆಡಳಿತಕ್ಕೆ ಒಂದೇ ಜಿಲ್ಲೆಯಾಗಿದ್ದರೂ ವಿದ್ಯಾಭ್ಯಾಸದ ಆಡಳಿತಕ್ಕೆ ಎರಡಾಗಿ ವಿಭಾಗಗೊಂಡಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯ ಪ್ರಾಥಮಿಕ ಶಾಲೆಗಳು ಮಗುವಿನ ವಿಷಯವಾಗಿ ಮನೆಯವರಿಗೆ ಏನನ್ನು ತಿಳಿಸಬೇಕು, ಅದನ್ನು ತಿಳಿಸುವ ಹೊಣೆ ಶಾಲೆಗೆ ಹೇಗೆ ಬಂದಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಒಂದು ಸಂಸ್ಥೆಯು ಯಾರಿಗೆ ಉತ್ತರ ಹೇಳಬೇಕಾಗಿದೆಯೋ ಅದರ ಮೇಲೆಯೇ ಆ ಸಂಸ್ಥೆಯ ಸ್ವರೂಪವು ನಿಂತಿರುತ್ತದೆ ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.

ಸರ್ಕಾರಿ ಶಾಲೆಗಳು ಹುಟ್ಟುವುದಕ್ಕೆ ಮುಂಚೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಮಠಗಳಿದ್ದುವು. ಅಲ್ಲಿನ ಐಗಳಿಗೆ ಹಣವನ್ನೋ ದವಸವನ್ನೋ ಕೊಡುತ್ತಿದ್ದವರು ಮಕ್ಕಳ ಮನೆಯವರೇ. ಆದ್ದರಿಂದ ಐಗಳು ಉತ್ತರ ಹೇಳಬೇಕಾಗಿದ್ದುದೂ ಅವರಿಗೇ. ಹುಡುಗನು ಮಗ್ಗಿ ಕಲಿತನೇ, ಮಠಕ್ಕೆ ತಪ್ಪದೆ ಬರುತ್ತಿರುವನೇ ಎಂಬ ವರ್ತಮಾನವು ಬೀದಿಯಲ್ಲಿಯೇ ಮುಟ್ಟುತ್ತಿತ್ತು. ಆದರೆ ಈ ಸಂಬಂಧವು ಕೂಲಿ ಕೊಡಬಲ್ಲವರಿಗೆ ಮಾತ್ರ ಸಲ್ಲುತ್ತಿತ್ತು. ಹೆಣ್ಣುಮಕ್ಕಳು ಅಲ್ಲಿ ಅಪರೂಪ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಪ್ರವೇಶವೇ ಇರಲಿಲ್ಲ.

ಮೈಸೂರಿನಲ್ಲಿ ವಿದ್ಯಾಭ್ಯಾಸದ ಇಲಾಖೆಯು 1857ರಲ್ಲಿ ಸ್ಥಾಪಿತವಾಯಿತು. 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆಯನ್ನು ರೂಪಿಸಿದವರು ಬಿ. ಎಲ್. ರೈಸ್. ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದವರೂ ಅವರೇ. ಹೋಬಳಿಶಾಲೆಗಳು ಬಂದ ಮೇಲೆ ಉಪಾಧ್ಯಾಯನ ಸಂಬಳವು ಸರ್ಕಾರದಿಂದ ಬರತೊಡಗಿತು. ಅದರೊಡನೆ ಅವನ ಉತ್ತರವಾದಿತ್ವವೂ ಇಲಾಖೆಯ ಕಡೆಗೆ ತಿರುಗಿತು. ಹಾಜರಿ, ತರಗತಿ, ಪರೀಕ್ಷೆ ಇವುಗಳ ಲೆಕ್ಕವು ಇನ್‌ಸ್ಪೆಕ್ಟರಿಗೆ ಹೋಗುತ್ತಿತ್ತು; ಮನೆಗೆ ಬರುತ್ತಿದ್ದುದು ತೇರ್ಗಡೆಯೋ ನಪಾಸೋ ಎಂಬ ಒಂದು ಮಾತು ಮಾತ್ರ. ಇದನ್ನು ಬರಿಯ ನಷ್ಟವೆಂದು ಎಣಿಸಲಾಗದು. 1913ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು, ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆದ 1915ರ ಆಜ್ಞೆ, ಮೈಸೂರು ರಾಜ್ಯದ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಇವೆಲ್ಲವೂ ಮೇಲಿನಿಂದ ಬಂದುವುಗಳೇ. ಕೂಲಿಮಠವು ಹೊರಗಿಟ್ಟಿದ್ದ ಮಕ್ಕಳನ್ನು ಒಳಕ್ಕೆ ಕರೆದುದು ಸರ್ಕಾರದ ಶಾಲೆಯೇ. ಆದರೆ ಮಗುವು ಒಳಕ್ಕೆ ಬಂದಿತಾದರೂ ತಾಯಿತಂದೆಗಳು ಹೊರಗೆಯೇ ನಿಂತರು.

ಈ ಸ್ಥಿತಿಯು ನಮ್ಮ ಕಾಲದಲ್ಲಿ ಎರಡು ಹೆಜ್ಜೆಗಳಲ್ಲಿ ಬದಲಾಯಿತು. ಮೊದಲನೆಯದು, 2001ರ ಏಪ್ರಿಲ್ ತಿಂಗಳ ಸರ್ಕಾರಿ ಆದೇಶ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸನ್ನು ಅನುಸರಿಸಿ, ಪ್ರತಿಯೊಂದು ಸರ್ಕಾರಿ ಶಾಲೆಗೂ ಪೋಷಕರಿಂದ ಕೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಏರ್ಪಟ್ಟಿತು. ಎರಡನೆಯದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಶಿಕ್ಷಣ ಹಕ್ಕಿನ ಕಾಯಿದೆ. ಇದರ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಾಯಿತಂದೆಗಳು ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ಆ ಕಾಯಿದೆಯ 24ನೆಯ ಪ್ರಕರಣವು ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದುದು. ಉಪಾಧ್ಯಾಯರು ಪೋಷಕರ ಸಭೆಯನ್ನು ನಿಯತವಾಗಿ ಸೇರಿಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವುಗಳನ್ನೂ, ಮಗುವಿಗೆ ಸಂಬಂಧಿಸಿದ ಇತರ ಪ್ರಸಕ್ತ ಸಂಗತಿಗಳನ್ನೂ ತಿಳಿಸಬೇಕೆಂದು ಅದು ವಿಧಿಸುತ್ತದೆ.

ಇಲ್ಲಿ ‘ಇತರ ಪ್ರಸಕ್ತ ಸಂಗತಿಗಳು’ ಎಂಬುದಕ್ಕೆ ಅರ್ಥವೇನು? ಕಾನೂನು ಅದನ್ನು ಬಿಡಿಸಿ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಮಲೆನಾಡಿನ ಶಾಲೆಗೆ ಒಂದು ಅರ್ಥವಿರಬಹುದು, ಕರಾವಳಿಯ ಶಾಲೆಗೆ ಇನ್ನೊಂದಿರಬಹುದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅದರ ಮೊದಲನೆಯ ಅರ್ಥವು ನೀರು ಎಂಬುದೇ ಪ್ರಕೃತ ಲೇಖಕನ ಅಭಿಪ್ರಾಯ.

ಇದು ಮಳೆ ಕಡಮೆಯಾದ ಬಯಲುಸೀಮೆ. ಜಯಮಂಗಲಿಯು ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೇಲೆ ಹರಿದು ಉತ್ತರಪಿನಾಕಿನಿಯನ್ನು ಸೇರುತ್ತದೆ; ಆದರೆ ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಮರಳೇ ಹೆಚ್ಚು. ಕೆರೆಬಾವಿಗಳು ಬತ್ತಿದಂತೆಲ್ಲ ಜನರು ಕೊಳವೆಬಾವಿಗಳನ್ನು ಆಶ್ರಯಿಸಿದರು. ಇಲ್ಲಿನ ಕಣಶಿಲೆಯ ಪದರಗಳಲ್ಲಿ ದೀರ್ಘಕಾಲ ನಿಂತ ನೀರು ಶಿಲೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಪಾವಗಡ ತಾಲ್ಲೂಕು ಈ ತೊಂದರೆಗೆ ಬಹುಕಾಲದಿಂದ ಹೆಸರಾದುದು. ಉಳಿದ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿಯೂ ಇದು ಉಂಟು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣವು ಹೆಚ್ಚುತ್ತದೆ. ಪರೀಕ್ಷೆ ಮಾಡಿದಲ್ಲದೆ ಅದು ತಿಳಿಯತಕ್ಕದ್ದಲ್ಲ.

ಈಗ ಮಗುವಿನ ವಯಸ್ಸನ್ನು ಗಮನಿಸಬೇಕು. ಶಾಶ್ವತವಾದ ಮುಂದಿನ ಹಲ್ಲುಗಳ ಮೇಲ್ಪದರವು ಒಸಡಿನೊಳಗೆ ರೂಪುಗೊಳ್ಳುವುದು ಶೈಶವದಿಂದ ಮೊದಲುಗೊಂಡು ಸುಮಾರು ಎಂಟು ವರ್ಷದೊಳಗೆ. ಆ ಕಾಲದಲ್ಲಿ ಫ್ಲೋರೈಡು ಹೆಚ್ಚಾಗಿ ದೇಹವನ್ನು ಸೇರಿದರೆ ಹಲ್ಲಿನಲ್ಲಿ ಬಿಳಿಯ ಅಥವಾ ಕಂದು ಬಣ್ಣದ ಕಲೆಗಳು ನಿಲ್ಲುತ್ತವೆ. ಎರಡನೆಯ, ಮೂರನೆಯ ತರಗತಿಯ ಮಗುವಿನಲ್ಲಿ ಉಪಾಧ್ಯಾಯರು ಈ ಕಲೆಗಳನ್ನು ಕಾಣುವಾಗ ಅವು ಆ ಅವಧಿಯ ಸುದ್ದಿಯಲ್ಲ. ಮಗುವು ಅಂಗನವಾಡಿಯಲ್ಲಿಯೂ ಅದಕ್ಕೂ ಮೊದಲು ಮನೆಯಲ್ಲಿಯೂ ಕುಡಿದ ನೀರಿನ ದಾಖಲೆ. ಉಜ್ಜುವುದರಿಂದ ಅವು ಹೋಗುವಂಥವಲ್ಲ. ಹಲ್ಲುಜ್ಜುವುದಿಲ್ಲವೆಂದು ಅಂಥ ಮಗುವನ್ನು ಬೈಯುವುದು ಅನ್ಯಾಯ. ನಾಲ್ವರೆದುರು ಬಾಯಿಬಿಟ್ಟು ನಗಲು ನಾಚುವ ಮಗುವು ಪಾಠವನ್ನು ಗಟ್ಟಿಯಾಗಿ ಓದಲೂ ನಾಚುತ್ತದೆ. ಮಗುವನ್ನು ಭಯ, ಆತಂಕಗಳಿಂದ ಮುಕ್ತವಾಗಿರಿಸಬೇಕೆಂದು ಅದೇ ಕಾಯಿದೆಯ 29ನೆಯ ಪ್ರಕರಣವು ಹೇಳಿರುವುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಈ ವರ್ತಮಾನವನ್ನು ಮನೆಗೆ ತಿಳಿಸಿ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವು ಬಹುಮಟ್ಟಿಗೆ ಆ ಮಗುವಿನ ತಮ್ಮತಂಗಿಯರಿಗೆ. ಅಕ್ಕನ ಹಲ್ಲಿನ ಕಲೆಯ ಕಾರಣವು ತಾಯಿಗೆ ತಿಳಿದರೆ, ತೊಟ್ಟಿಲಲ್ಲಿರುವ ಕೂಸಿನ ನೀರನ್ನು ಬದಲಾಯಿಸಲು ಇನ್ನೂ ಕಾಲವಿರುತ್ತದೆ. ಬಹುಕಾಲ ಇಂಥ ನೀರನ್ನೇ ಕುಡಿದವರಿಗೆ ಮುಂದೆ ಮೂಳೆ ಕೀಲುಗಳ ಬೇನೆಯೂ ಬರುವುದುಂಟಾಗಿ, ಎಚ್ಚರವು ದೊಡ್ಡವರಿಗೂ ಬೇಕಾದುದೇ. ಆದ್ದರಿಂದ ಶಾಲೆಯ ವರ್ತಮಾನವು ಮಗುವಿನ ಪ್ರಗತಿಪತ್ರದಲ್ಲಿ ಮುಗಿಯದೆ ಇಡೀ ಮನೆಗೆ ಸಲ್ಲಬೇಕು.

ಶಾಲೆಯ ಊಟಕ್ಕೂ ಇದಕ್ಕೂ ಸಂಬಂಧವಿದೆ. 1960ರ ದಶಕದಲ್ಲಿ ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟೂ ಹಾಲಿನ ಪುಡಿಯೂ ಶಾಲೆಗಳಿಗೆ ಬಂದುವು. ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್‌ನಲ್ಲಿ ಆಜ್ಞಾಪಿಸಿದ ತರುವಾಯ ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಕೆಳಗಿನ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಎಂಬುದು ಈ ಊಟದ ಪ್ರಮಾಣ. ಅಕ್ಕಿಬೇಳೆಗಳು ಬೇಯುವ ನೀರಿನಲ್ಲಿ ಫ್ಲೋರೈಡಿದ್ದರೆ ಅದು ಅನ್ನಸಾರುಗಳಿಗೂ ಸೇರುತ್ತದೆ. ಕುಡಿಯುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದು, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ರಕ್ಷಣೆ ಅರ್ಧವಷ್ಟೆ. ಇದಕ್ಕೆ ಪ್ರತಿಯಾಗಿ 2013ರ ಆಗಸ್ಟ್‌ನಲ್ಲಿ ಮೊದಲಾದ ಕ್ಷೀರಭಾಗ್ಯದ ಹಾಲಿನಲ್ಲಿಯೂ, 2024ರಲ್ಲಿ ಅದಕ್ಕೆ ಸೇರಿದ ರಾಗಿಯ ಮಾಲ್ಟಿನಲ್ಲಿಯೂ ಕ್ಯಾಲ್ಸಿಯಂ ಹೇರಳವಾಗಿದೆ. ಫ್ಲೋರೈಡು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ಹಾಲು ಕುಡಿಯಲೊಲ್ಲದ ಮಗುವಿನ ವಿಷಯವೂ ಮನೆಗೆ ತಿಳಿಯಬೇಕಾದುದೇ.

ಇನ್ನು ತಿಳಿಸುವ ಕಾಲ ಮತ್ತು ರೀತಿ. ನಮ್ಮ ಶಾಲೆಗಳ ವರ್ಷವು ದಸರೆಯಿಂದ ಇಬ್ಭಾಗವಾಗಿದೆ. ದಸರೆಯ ರಜೆ ಮುಗಿದು ಎರಡನೆಯ ಅವಧಿಯು ಆರಂಭವಾಗುವ ಹೊತ್ತು ಇಲ್ಲಿ ಕಡಲೆಕಾಯಿ ಕೀಳುವ ಕಾಲ. ಆಗ ಹಗಲಿನಲ್ಲಿ ಸಭೆ ಕರೆದರೆ ಬರುವವರು ವಿರಳ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕೂಲಿಗೆ ಹೋಗುವ ಕುಟುಂಬಗಳೂ ಉಂಟು. ಆದುದರಿಂದ ಮೊದಲನೆಯ ಅವಧಿಯ ವರ್ತಮಾನವನ್ನು ದಸರೆಗೆ ಮುಂಚೆಯೇ, ಸಂಜೆಯ ಹೊತ್ತಿನಲ್ಲಿ ಹೇಳುವುದು ಲೇಸು. ಮೂರು ಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ ಪಾವಗಡದಲ್ಲಿ ಮನೆಮಾತು ತೆಲುಗಾದವರು ಬಹುಮಂದಿ. ಅಲ್ಲಿ ಕನ್ನಡದ ಲಿಖಿತ ಪ್ರಕಟನೆಯೊಂದೇ ಸಾಲದು. ತಾಯಿಗೆ ತಿಳಿಯುವ ನುಡಿಯಲ್ಲಿ ಬಾಯಿಂದ ಹೇಳಬೇಕು.

ಸಾರಾಂಶವಾಗಿ, ಅವಧಿಯ ವರ್ತಮಾನದಲ್ಲಿ ಹಾಜರಿ, ಕಲಿಕೆಗಳ ಜೊತೆಗೆ ಮೂರು ಸಂಗತಿಗಳು ಸೇರಬೇಕು: ಶಾಲೆಯ ನೀರನ್ನು ಯಾವ ತಿಂಗಳಲ್ಲಿ ಪರೀಕ್ಷಿಸಲಾಯಿತು, ಫ್ಲೋರೈಡು ಎಷ್ಟಿತ್ತು, ಊಟವನ್ನು ಯಾವ ನೀರಿನಲ್ಲಿ ಬೇಯಿಸಲಾಗುತ್ತಿದೆ, 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಏನು ಕಂಡುಬಂದಿತು. ಮೊದಲ ಎರಡನ್ನು ಸಭೆಯಲ್ಲಿ ಎಲ್ಲರಿಗೂ ಹೇಳಬಹುದು. ಮೂರನೆಯದನ್ನು ಆಯಾ ಮಗುವಿನ ಮನೆಯವರಿಗೆ ಮಾತ್ರ ಪ್ರತ್ಯೇಕವಾಗಿ ಹೇಳತಕ್ಕದ್ದು. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ಈ ನೆಲಕ್ಕೆ ತಕ್ಕಂತೆ ಓದಿಕೊಂಡರೆ ಸಾಕು. ಪರೀಕ್ಷೆಯಲ್ಲಿ ಕಳೆದುಕೊಂಡ ಅಂಕವನ್ನು ಮಗುವು ಮುಂದಿನ ಅವಧಿಯಲ್ಲಿ ಗಳಿಸಿಕೊಳ್ಳಬಹುದು. ಹಲ್ಲಿನಲ್ಲಿ ಒಮ್ಮೆ ನಿಂತ ಕಲೆಯನ್ನು ಯಾವ ಅವಧಿಯೂ ತಿದ್ದಲಾರದು. ಯಾವ ವರ್ತಮಾನವು ಮೊದಲು ಮನೆಗೆ ಮುಟ್ಟಬೇಕೆಂಬುದು ಇದರಿಂದಲೇ ವಿದಿತವಾಗುತ್ತದೆ.