ಶೀಟಿನೊಳಗೆ ಕೈಯಾಡಿಸಿದ್ದು ಯಾರು?

2002ರ ಫೆಬ್ರವರಿ 6ರಂದು ಡಬ್ಲಿನ್‌ನ ಅಲೈಡ್ ಐರಿಷ್ ಬ್ಯಾಂಕ್, ಅಮೆರಿಕದ ತನ್ನ ಅಂಗಸಂಸ್ಥೆ ಆಲ್‌ಫಸ್ಟ್‌ನಲ್ಲಿ ಭಾರಿ ವಂಚನೆ ನಡೆದಿದೆ ಎಂದು ಪ್ರಕಟಿಸಿತು. ಕೊನೆಗೆ ಲೆಕ್ಕ ಹಾಕಿದಾಗ ನಷ್ಟ 69.1 ಕೋಟಿ ಡಾಲರ್. ಬಾಲ್ಟಿಮೋರ್‌ನಲ್ಲಿ ವಿದೇಶಿ ವಿನಿಮಯ ನೋಡಿಕೊಳ್ಳುತ್ತಿದ್ದ ಜಾನ್ ರಸ್ನಾಕ್ ವರ್ಷಗಟ್ಟಲೆ ನಷ್ಟ ಮುಚ್ಚಿಟ್ಟಿದ್ದ. ಸುಳ್ಳು ಆಪ್ಷನ್ ವಹಿವಾಟುಗಳ ಕಥೆಯನ್ನು ಎಲ್ಲರೂ ಬರೆದರು. ಆ ವಂಚನೆಯ ತನಿಖಾ ವರದಿಯಲ್ಲಿ ಒಂದು ಸ್ಪ್ರೆಡ್‌ಶೀಟ್‌ನ ಕಥೆಯೂ ಇದೆ.

ವಹಿವಾಟಿನ ಮೇಲೆ ಕಣ್ಣಿಡುವವರಿಗೆ ವಿನಿಮಯ ದರ ರಾಯಿಟರ್ಸ್‌ನಿಂದ ನೇರವಾಗಿ ಬರಬೇಕಿತ್ತು. ಅದಕ್ಕೆ ತಗಲುವ 10,000 ಡಾಲರ್ ಉಳಿಸಲು ಹೋಗಿ, ರಸ್ನಾಕ್‌ನ ಕಂಪ್ಯೂಟರಿಗೆ ಬಂದ ದರಗಳನ್ನೇ ಶೀಟಿಗೆ ಹಾಯಿಸಿಕೊಂಡರು. ಯೆನ್ ಮತ್ತು ಯೂರೋ ಸೆಲ್‌ಗಳ ಲಿಂಕ್ ಅವನ ಯಂತ್ರವನ್ನು ಸುತ್ತಿ ಬರುತ್ತಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ!

ತೆರೆಯ ಮೇಲೆ ಕಾಣುವುದು ಅಂಕಿ ಮಾತ್ರ. ಅದು ಬಂದ ದಾರಿ ಸೆಲ್ಲಿನ ಒಳಗಿರುತ್ತದೆ. ಶೀಟಿನ ಕೆಲಸಗಳನ್ನು ತಾನಾಗಿ ಮಾಡಿಸುವ ಕೋಡ್, ಅಂದರೆ ಮ್ಯಾಕ್ರೋ, ಇನ್ನೂ ಆಳದಲ್ಲಿ. ಮ್ಯಾಕ್ರೋ ಇರುವ ಎಕ್ಸೆಲ್‌ನ ಇವತ್ತಿನ ಎಕ್ಸ್‌ಎಲ್‌ಎಸ್‌ಎಂ ಫೈಲ್ ನಿಜಕ್ಕೂ ಒಂದು ಜಿಪ್ ಗಂಟು. ಬಿಚ್ಚಿದರೆ ಹಾಳೆಗಳು ಓದಬಲ್ಲ ಎಕ್ಸ್‌ಎಂಎಲ್ ಆಗಿ ಸಿಗುತ್ತವೆ, ಮ್ಯಾಕ್ರೋಗಳು ಮಾತ್ರ ಒಂದೇ ಬೈನರಿ ಫೈಲಿನಲ್ಲಿ ಅಡಗಿ ಕೂತಿರುತ್ತವೆ. ಯಾರು, ಯಾವಾಗ, ಯಾವ ಸಾಲು ತಿದ್ದಿದರು ಎಂದು ತೋರಿಸುವ ಗಿಟ್ ತಂತ್ರಾಂಶ ಬೈನರಿ ಕಂಡರೆ ‘ಎರಡೂ ಬೇರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಹಾಗಾಗಿ ಕೋಡನ್ನು ಹೊರಗೆಳೆಯಬೇಕು. ಎಕ್ಸೆಲ್‌ನಲ್ಲಿ ಆಲ್ಟ್ ಜೊತೆ ಎಫ್11 ಒತ್ತಿದಾಗ ತೆರೆಯುವ ವಿಬಿಎ ಸಂಪಾದಕದಲ್ಲಿ, ಕೋಡ್ ಇರುವ ಮಾಡ್ಯೂಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಫೈಲ್’ ಆರಿಸಿದರೆ ನೋಟ್‌ಪ್ಯಾಡಿನಲ್ಲೂ ತೆರೆಯುವ ಫೈಲ್ ಸಿಗುತ್ತದೆ. ಮಾಡ್ಯೂಲ್‌ಗಳು ಹತ್ತಾರಿದ್ದರೆ ಈ ಕೆಲಸಕ್ಕೂ ಒಂದು ಮ್ಯಾಕ್ರೋ ಬರೆದುಕೊಳ್ಳುವುದು ವಾಸಿ. ಅದಕ್ಕೆ ಎಕ್ಸೆಲ್‌ನ ಟ್ರಸ್ಟ್ ಸೆಂಟರ್‌ನಲ್ಲಿ ಪ್ರತ್ಯೇಕ ಅನುಮತಿ ಕೊಡಬೇಕು, ಏಕೆಂದರೆ ಮ್ಯಾಕ್ರೋ ವೈರಸ್‌ಗಳು ಹರಡಿದ್ದೂ ಮ್ಯಾಕ್ರೋವೇ ಮ್ಯಾಕ್ರೋ ಕೋಡನ್ನು ಮುಟ್ಟುವ ಇದೇ ದಾರಿಯಲ್ಲಿ. ವೈರಸ್ ಹಿಡಿಯುವವರು ಬಳಸುವ ‘ಓಲೆವಿಬಿಎ’ ಎಂಬ ಪೈಥಾನ್ ಸಾಧನಕ್ಕಾದರೆ ಎಕ್ಸೆಲ್ ತೆರೆಯುವ ಅಗತ್ಯವೂ ಇಲ್ಲ.

ಇಷ್ಟು ಮಾಡಿದ್ದರೆ ರಸ್ನಾಕ್ ಸಿಕ್ಕಿಬೀಳುತ್ತಿದ್ದನೇ? ಅನುಮಾನ. ಅವನ ಆಟ ಇದ್ದದ್ದು ಸೆಲ್‌ಗಳ ಲಿಂಕಿನಲ್ಲಿ. ಮ್ಯಾಕ್ರೋ ಕೋಡಿನ ಜೊತೆಗೆ ಫಾರ್ಮುಲಾ ಮತ್ತು ಲಿಂಕ್‌ಗಳನ್ನೂ ಪಠ್ಯವಾಗಿ ತೆಗೆದಿಡದಿದ್ದರೆ ಕಾವಲು ಅರ್ಧಂಬರ್ಧ. ತೆಗೆದಿಟ್ಟದ್ದನ್ನು ಓದುವವರೂ ಬೇಕು, ಅದು ಬೇರೆ ಮಾತು.

ಕೋಡನ್ನು ಹೀಗೆ ಹೊರತೆಗೆಯುವುದರಲ್ಲಿ ಕಿರಿಕಿರಿಗಳೂ ಇವೆ. ಒಂದು ಕಡೆ ವೇರಿಯಬಲ್ ಹೆಸರಿನ ಅಕ್ಷರವನ್ನು ಕ್ಯಾಪಿಟಲ್ ಮಾಡಿ ಘೋಷಿಸಿದರೆ ವಿಬಿಎ ಸಂಪಾದಕ ಕೋಡಿನಲ್ಲೆಲ್ಲ ಹಾಗೇ ಬದಲಿಸಿಬಿಡುತ್ತದೆ. ಆಗ ಗಿಟ್‌ನಲ್ಲಿ ನೂರಾರು ಸಾಲು ತಿದ್ದಿದಂತೆ ಕಾಣುತ್ತದೆ, ಅಸಲಿ ಬದಲಾವಣೆ ಆ ಗದ್ದಲದಲ್ಲಿ ಮುಳುಗುತ್ತದೆ. ಇನ್ನು ಎಕ್ಸ್‌ಪೋರ್ಟ್ ಆಗುವುದು ಯೂನಿಕೋಡ್‌ನಲ್ಲಲ್ಲ, ವಿಂಡೋಸ್‌ನ ಹಳೆಯ ಕೋಡ್‌ಪೇಜಿನಲ್ಲಿ. ಐರಿಷ್ ಹೆಸರು ‘ಶಾನ್’ ಬರೆಯುವಾಗ ‘ಎ’ ಅಕ್ಷರದ ತಲೆಯ ಮೇಲೆ ಬರುವ ಗೀಟು ಸಂಪಾದಕದಲ್ಲಿ ಸರಿಯಾಗಿದ್ದರೂ, ಯೂನಿಕೋಡ್‌ನ ಯುಟಿಎಫ್-8 ಎಂದು ತಿಳಿದು ತೆರೆದರೆ ಕೆಡುತ್ತದೆ. ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಸಂಪಾದಕದಲ್ಲಿ ಕನ್ನಡ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತವೆ. ಒಂದು ‘ಕ’ ಮೂಡಿಸಲು 3221 ಎಂಬ ಯೂನಿಕೋಡ್ ಸಂಖ್ಯೆ ಕೊಡಬೇಕು. ಅದಕ್ಕಿಂತ, ಕನ್ನಡದ ಮಾತುಗಳನ್ನೆಲ್ಲ ಒಂದು ಹಾಳೆಯ ಸೆಲ್‌ಗಳಲ್ಲಿಟ್ಟು ಮ್ಯಾಕ್ರೋ ಅಲ್ಲಿಂದ ಓದುವಂತೆ ಮಾಡುವುದೇ ಸಲೀಸು. ಹಾಳೆಯ ಎಕ್ಸ್‌ಎಂಎಲ್ ಯೂನಿಕೋಡ್‌ನಲ್ಲೇ ಇರುವುದರಿಂದ ಅಲ್ಲಿ ಕನ್ನಡ ಕೆಡುವುದಿಲ್ಲ.